ಗೋಯಿಂಗ್ಸ್-ಆನ್: ಆಗುಹೋಗು ಎಂದು ಬರೆಯುವ ಮೊದಲು ಒಮ್ಮೆ ಮೂಸಿ ನೋಡಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರು, ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸುವ ಹುಡುಗರು ಕೂಡ ಆಗಾಗ ಬರುತ್ತಾರೆ. ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ಗೋಯಿಂಗ್ಸ್-ಆನ್ ಅಂದರೆ ಕಾರ್ಯಕ್ರಮವಾ, ಘಟನೆಯಾ, ಗಲಾಟೆಯಾ?"

ಮೂರೂ ಅಲ್ಲ, ಮೂರೂ ಹೌದು. ಸುಮ್ನೆ ಒಗಟು ಹೇಳುತ್ತಿಲ್ಲ. ಈ ಪದ ನಿಂತ ಜಾಗ ನೋಡಿ ಬಣ್ಣ ಬದಲಿಸುತ್ತದೆ. ಹಾಗಾಗಿ ಒಂದೇ ಅರ್ಥ ಬಾಯಿಪಾಠ ಮಾಡಿದರೆ ಅರ್ಧ ಸಲ ತಪ್ಪುತ್ತದೆ. ಹಂತ ಹಂತವಾಗಿ ನೋಡೋಣ.

ಏನೇನು ಬೇಕು

ಮೊದಲನೆಯದು, ಪದ ಸಿಕ್ಕಿದ ಇಡೀ ವಾಕ್ಯ. ಬರೀ ಪದ ಹಿಡಿದುಕೊಂಡು ಬಂದವರಿಗೆ ನಾನು ಉತ್ತರ ಹೇಳುವುದೇ ಇಲ್ಲ. ಎರಡನೆಯದು, ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡಿನದೋ ಕೇಂಬ್ರಿಡ್ಜಿನದೋ ಸಾಕು, ಎರಡೂ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ 'ಗೋಯಿಂಗ್' ಎಂದು ಹುಡುಕಬೇಡಿ, ಬೇರೆಯೇ ಅರ್ಥಗಳು ಬಂದು ಬೀಳುತ್ತವೆ. ಪೂರ್ತಿ ಪದವನ್ನೇ ಹಾಕಿ.

ಮಲಯಾಳ ನಿಘಂಟಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಇರುವುದೇ ಇಂಗ್ಲಿಷ್-ಮಲಯಾಳ ನಿಘಂಟು. ಅದರಲ್ಲಿ ಇಂಥ ಪದಗಳಿಗೆ 'ಸಂಭವಙ್ಙಳ್' ಎಂಬ ಅರ್ಥ ಕಾಣುತ್ತದೆ. ಮಲಯಾಳದಲ್ಲಿ ಸಂಭವ ಅಂದರೆ ನಡೆದ ಘಟನೆ. ಕನ್ನಡದಲ್ಲಿ ಸಂಭವ ಅಂದರೆ ಆಗಬಹುದು ಎನ್ನುವ ಸಾಧ್ಯತೆ: ಮಳೆ ಬರುವ ಸಂಭವ ಇದೆ, ಬಸ್ ತಡವಾಗುವ ಸಂಭವ ಇದೆ. ಒಂದರಲ್ಲಿ ಆಗಿ ಹೋದದ್ದು, ಇನ್ನೊಂದರಲ್ಲಿ ಇನ್ನೂ ಆಗದ್ದು. 'ಊರಿನಲ್ಲಿ ವಿಚಿತ್ರ ಸಂಭವಗಳು' ಎಂದು ಕನ್ನಡದಲ್ಲಿ ಬರೆದ ಉತ್ತರವನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ. ಬರೆದ ಮಗುವಿನ ತಪ್ಪಲ್ಲ ಅದು, ಎರಡು ಭಾಷೆಗಳ ನಡುವೆ ಬದುಕುವವರ ಕಾಲಿಗೆ ಸಿಗುವ ಕಲ್ಲು.

ಹಂತ 1: ಪದವನ್ನು ಸರಿಯಾಗಿ ಬರೆಯಿರಿ, ಸರಿಯಾಗಿ ಹೇಳಿ

ಅಕ್ಷರಗಳು ಹೀಗೆ: ಜಿ, ಒ, ಐ, ಎನ್, ಜಿ, ಎಸ್. ಆಮೇಲೆ ಒಂದು ಹೈಫನ್, ಅಂದರೆ ಎರಡು ಪದ ಸೇರಿಸುವ ಪುಟ್ಟ ಅಡ್ಡಗೆರೆ. ಆಮೇಲೆ ಒ, ಎನ್. ಎಸ್ ಬರುವುದು ಗೋಯಿಂಗ್‌ಗೆ, ಆನ್‌ಗೆ ಅಲ್ಲ. 'ಗೋಯಿಂಗ್-ಆನ್ಸ್' ತಪ್ಪು. ಎರಡೂ ಕಡೆ ಎಸ್ ಹಾಕಿ 'ಗೋಯಿಂಗ್ಸ್-ಆನ್ಸ್' ಎಂದರೆ ಅದೂ ತಪ್ಪು.

ಈ ತಪ್ಪು ನಮಗೆ ಯಾಕೆ ಬರುತ್ತದೆ ಗೊತ್ತಾ? ಕನ್ನಡದಲ್ಲಿ ಜೋಡುಪದದ ಬಹುವಚನ ಯಾವಾಗಲೂ ಬಾಲದಲ್ಲಿ ಬರುತ್ತದೆ. ಆಗುಹೋಗುಗಳು, ದಾರಿಹೋಕರು. ಆಗುಗಳುಹೋಗು ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಇಂಥ ಕೆಲವು ಪದಗಳಿಗೆ ಬಹುವಚನ ಹೊಟ್ಟೆಯಲ್ಲಿದೆ. ದಾರಿಹೋಕರಿಗೆ ಪಾಸರ್ಸ್-ಬೈ, ಸದಾ ಹಿಂದೆ ಅಂಟಿಕೊಂಡು ತಿರುಗುವವರಿಗೆ ಹ್ಯಾಂಗರ್ಸ್-ಆನ್, ಅತ್ತೆಯಂದಿರಿಗೆ ಮದರ್ಸ್-ಇನ್-ಲಾ. ಮುಖ್ಯ ಪದ ಯಾವುದೋ ಅದಕ್ಕೆ ಎಸ್. ಈ ನಾಲ್ಕನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಿ, ಒಂದು ಇನ್ನೊಂದನ್ನು ನೆನಪಿಸುತ್ತದೆ.

ಉಚ್ಚಾರಣೆಗೆ ಬಂದರೆ, ಕಾಸರಗೋಡಿನವರಿಗೆ ಇಲ್ಲೊಂದು ಲಾಭ ಇದೆ. 'ಗೋಯಿಂಗ್' ಎಂದು ಕನ್ನಡದಲ್ಲಿ ಬರೆದಾಗ ಕೊನೆಯಲ್ಲಿ ಒಂದು ಗಕಾರ ಉಳಿಯುತ್ತದೆ, ಅಂಗಿ, ತೆಂಗು ಎನ್ನುವಾಗ ಕೇಳುವಂಥದ್ದು. ಇಂಗ್ಲಿಷಿನಲ್ಲಿ ಆ ಗಕಾರ ಕೇಳುವುದಿಲ್ಲ, ಮೂಗಿನ ಧ್ವನಿ ಮಾತ್ರ. ಮಲಯಾಳದವರು ತೆಂಗಿನಕಾಯಿಗೆ ತೇಙ್ಙ ಎನ್ನುತ್ತಾರಲ್ಲ, ಅದರ ನಡುವಿನ ಧ್ವನಿಯೇ ಇದು. ಸಂತೆಯಲ್ಲಿ ದಿನಾ ಕೇಳುವ ಆ ಧ್ವನಿಯನ್ನು ಇಲ್ಲಿ ತಂದು ಕೂರಿಸಿ. ಎಸ್ ಅನ್ನು ಝಡ್ ತರ ಹೇಳಿ, ಒತ್ತು 'ಆನ್' ಮೇಲೆ ಬೀಳಲಿ.

ಹಂತ 2: ಹುಟ್ಟಿದ ಮನೆ ಯಾವುದು ನೋಡಿ

ಇದು 'ಗೋ ಆನ್' ಎಂಬ ಫ್ರೇಸಲ್ ವರ್ಬಿನಿಂದ ಬಂದದ್ದು. ಫ್ರೇಸಲ್ ವರ್ಬ್ ಅಂದರೆ ಒಂದು ಕ್ರಿಯಾಪದಕ್ಕೆ ಆನ್, ಆಫ್, ಅಪ್ ತರದ ಚಿಕ್ಕ ಪದ ಅಂಟಿಕೊಂಡು ಹೊಸ ಅರ್ಥ ಹುಟ್ಟುವುದು. ಗೋ ಅಂದರೆ ಹೋಗು. ಗೋ ಆನ್ ಅಂದರೆ ನಡೆ, ಜರುಗು. 'ವಾಟ್ ಈಸ್ ಗೋಯಿಂಗ್ ಆನ್?' ಅಂದರೆ 'ಇಲ್ಲಿ ಏನು ನಡೀತಾ ಉಂಟು?' ಹಾಗೆ ನಡೆಯುತ್ತಿರುವುದಕ್ಕೆ ಒಂದು ಹೆಸರು ಬೇಕಾಯಿತು, ಅದೇ ಗೋಯಿಂಗ್ಸ್-ಆನ್.

ಎಡವುವ ಜಾಗ ಇಲ್ಲಿದೆ. ನಡುವೆ ಅಡ್ಡಗೆರೆಯೂ ಎಸ್ಸೂ ಇಲ್ಲದೆ ಬರೀ 'ಗೋಯಿಂಗ್ ಆನ್' ಎಂದಿದ್ದರೆ ಅದು ಹೆಸರಲ್ಲ, ಕ್ರಿಯೆ. ಅದಕ್ಕೆ ಬೇರೆ ಅರ್ಥಗಳೂ ಇವೆ. 'ಹೀ ಈಸ್ ಗೋಯಿಂಗ್ ಆನ್ ಸಿಕ್ಸ್‌ಟಿ' ಅಂದರೆ ಅವರಿಗೆ ಅರವತ್ತು ಹತ್ತಿರವಾಯಿತು ಎಂದು. ಅಲ್ಲಿ ಯಾವ ಘಟನೆಯೂ ಇಲ್ಲ. 'ಶೀ ಕೀಪ್ಸ್ ಗೋಯಿಂಗ್ ಆನ್ ಅಬೌಟ್ ಇಟ್' ಅಂದರೆ ಅದನ್ನೇ ಹಿಡಿದು ಕೊರೆಯುತ್ತಾಳೆ ಎಂದು.

ಹಂತ 3: ಪಕ್ಕದ ಪದವನ್ನು ಮೂಸಿ ನೋಡಿ

ಇದೇ ಮುಖ್ಯ ಹಂತ, ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ನಿಘಂಟು ತೆರೆದರೆ ಎರಡು ಸಂಗತಿ ಕಾಣುತ್ತದೆ. ಒಂದು, ಇದು ಇನ್‌ಫಾರ್ಮಲ್, ಅಂದರೆ ಆಡುಮಾತಿನ ಸಲುಗೆಯ ಪದ. ಎರಡು, ಇದು ಹೆಚ್ಚಾಗಿ ವಿಚಿತ್ರವಾದ, ತಮಾಷೆಯ ಅಥವಾ ಅಷ್ಟು ಸರಿಯಿಲ್ಲದ ಕೆಲಸಗಳಿಗೆ ಬಳಕೆಯಾಗುತ್ತದೆ. ಆದರೆ ಎಲ್ಲ ಸಲವೂ ಅಲ್ಲ. ಬರೀ 'ನಡೆಯುವ ಸಂಗತಿಗಳು' ಎಂಬ ಸಾದಾ ಅರ್ಥವೂ ಇದೆ. ಯಾವ ಸಲ ಯಾವುದು?

ಪಕ್ಕದಲ್ಲಿ ಕೂತ ವಿಶೇಷಣ ಹೇಳುತ್ತದೆ. ಸ್ಟ್ರೇಂಜ್, ಆಡ್, ಫನ್ನಿ, ಮಿಸ್ಟೀರಿಯಸ್, ಶೇಡಿ, ಸಸ್ಪಿಷಿಯಸ್ ಇವುಗಳಲ್ಲಿ ಒಂದಿದ್ದರೆ ಅನುಮಾನದ ವಾಸನೆ ಇದೆ ಎಂದು ತಿಳಿಯಿರಿ. ಡೇಲಿ, ಲೇಟೆಸ್ಟ್, ಲೋಕಲ್ ಇದ್ದರೆ ಸಾದಾ ಸುದ್ದಿ. 'ದ ಡೇಲಿ ಗೋಯಿಂಗ್ಸ್-ಆನ್ ಆಫ್ ದ ವಿಲೇಜ್' ಎಂಬಲ್ಲಿ ಕೆಟ್ಟದ್ದೇನೂ ಇಲ್ಲ: ಯಾರ ಮನೆಯ ದನ ಕರು ಹಾಕಿತು, ಯಾರ ಮಗ ದುಬೈಯಿಂದ ಬಂದ, ಪೇಟೆಯಲ್ಲಿ ಅಡಿಕೆಗೆ ಎಷ್ಟು ಧಾರಣೆ, ಇಷ್ಟೇ.

ಸಾದಾ ಅರ್ಥಕ್ಕೆ ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. ದಿ ನ್ಯೂಯಾರ್ಕರ್ ಎಂಬ ಪತ್ರಿಕೆ ಶುರುವಾದದ್ದು 1925ರಲ್ಲಿ. ನಗರದಲ್ಲಿ ಯಾವ ನಾಟಕ, ಎಲ್ಲಿ ಸಂಗೀತ, ಯಾವ ಚಿತ್ರಪ್ರದರ್ಶನ ಎಂದು ತಿಳಿಸುವ ಅದರ ಪುಟಗಳಿಗೆ ಬಹುಕಾಲ 'ಗೋಯಿಂಗ್ಸ್ ಆನ್ ಅಬೌಟ್ ಟೌನ್' ಎಂದೇ ಹೆಸರಿತ್ತು. ನಮ್ಮ ಪತ್ರಿಕೆಗಳ 'ಇಂದಿನ ಕಾರ್ಯಕ್ರಮ' ಇದ್ದ ಹಾಗೆ. ಅಡ್ಡಗೆರೆ ಬಿಟ್ಟಿದ್ದಾರೆ ನೋಡಿ, ಅದು ಅವರ ಶೈಲಿ. ನೀವು ಪರೀಕ್ಷೆಯಲ್ಲಿ ಬಿಡಬೇಡಿ. ಅಂದರೆ 'ಕಾರ್ಯಕ್ರಮವಾ ಸರ್?' ಎಂದು ಕೇಳಿದ ಹುಡುಗ ಪೂರ್ತಿ ದಾರಿ ತಪ್ಪಿರಲಿಲ್ಲ. ಅಲ್ಲಿಯೂ ಒಂದು ತೆಳು ನಗು ಇದೆ ಎಂದು ನನಗೆ ಅನಿಸುತ್ತದೆ. ಊರಿನ ಗದ್ದಲವನ್ನು ಕಟ್ಟೆಯ ಮೇಲೆ ಕೂತು ನೋಡುವವನ ನಗು.

ವಿಶೇಷಣವೇ ಇಲ್ಲದಿದ್ದರೆ? ಆಗ ಜಾಗ ನೋಡಿ. 'ದ ಗೋಯಿಂಗ್ಸ್-ಆನ್ ನೆಕ್ಸ್ಟ್ ಡೋರ್' ಎಂದರೆ ಪಕ್ಕದ ಮನೆ. ಪಕ್ಕದ ಮನೆಯ ಬಗ್ಗೆ ಮಾತು ಬಂತು ಎಂದರೆ ಕುತೂಹಲವೂ ಬಂತು ಅಂತಲೇ ಲೆಕ್ಕ. ಮುಚ್ಚಿದ ಮಿಲ್ಲು, ರಾತ್ರಿ ಹೊತ್ತು, ಯಾರೂ ಇಲ್ಲದ ತೋಟದ ಮನೆ ಇವೂ ಹಾಗೆಯೇ.

ಇನ್ನೊಂದು ಗಮನಿಸಿ. ಈ ಪದ ಏನು ನಡೆಯಿತು ಎಂದು ಯಾವತ್ತೂ ಬಿಚ್ಚಿ ಹೇಳುವುದಿಲ್ಲ. ಕಳ್ಳತನ ಎಂದೋ ಜಗಳ ಎಂದೋ ಗೊತ್ತಿದ್ದರೆ ಆ ಪದವನ್ನೇ ಹಾಕುತ್ತಿದ್ದರು ಅಲ್ವಾ? ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಬಾಯಿ ಬಿಡಲು ಮನಸ್ಸಿಲ್ಲ, ಆಗ ಬರುತ್ತದೆ ಗೋಯಿಂಗ್ಸ್-ಆನ್. ಅನುವಾದ ಮಾಡುವಾಗ ಈ ತೆರೆಯನ್ನು ನೀವು ಎಳೆದು ಹರಿಯಬಾರದು.

ಹಂತ 4: ಕನ್ನಡದ ಪದ ಆರಿಸಿ

ಸಾದಾ ಅರ್ಥಕ್ಕೆ 'ಆಗುಹೋಗು' ಬಹಳ ಚೆಂದದ ಜೋಡಿ. ಅದರೊಳಗೂ ಒಂದು 'ಹೋಗು' ಇದೆ, ಇದರೊಳಗೂ ಒಂದು 'ಗೋ' ಇದೆ. ಪತ್ರಿಕೆಯ ಭಾಷೆಯಲ್ಲಿ 'ವಿದ್ಯಮಾನ' ಎನ್ನುತ್ತಾರೆ. ನನಗೆ ಅದು ಸ್ವಲ್ಪ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಕಾಣುತ್ತದೆ, ಸಲುಗೆಯ ಪದಕ್ಕೆ ಹೊಂದುವುದಿಲ್ಲ.

'ಬಿಹೈಂಡ್-ದ-ಸೀನ್ಸ್ ಗೋಯಿಂಗ್ಸ್-ಆನ್' ಎಂದು ಸಿಕ್ಕಿದರೆ 'ತೆರೆಮರೆಯ ಆಗುಹೋಗು' ಅನ್ನಬಹುದು. ಯಕ್ಷಗಾನ ನೋಡಿದವರಿಗಾದರೆ 'ಚೌಕಿಯೊಳಗಿನ ಆಗುಹೋಗು' ಎಂದರೆ ಸಾಕು, ಚೌಕಿ ಅಂದರೆ ವೇಷ ಕಟ್ಟುವ ಜಾಗ. ರಂಗಸ್ಥಳದಲ್ಲಿ ರಾಜ, ಒಳಗೆ ಅದೇ ರಾಜ ಕಿರೀಟ ಬಿಚ್ಚಿಟ್ಟು ಚಾ ಕುಡಿಯುತ್ತಿರುತ್ತಾನೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆಯವರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಡ.

ಅನುಮಾನದ ಅರ್ಥಕ್ಕೆ ಬಂದಾಗ ಆಗುಹೋಗು ಕೈಕೊಡುತ್ತದೆ. ಅದರಲ್ಲಿ ವಾಸನೆಯೇ ಇಲ್ಲ. ಆಗ ಜನ ನಾಮಪದಕ್ಕೆ ನಾಮಪದವೇ ಬೇಕೆಂದು ಹುಡುಕುತ್ತಾರೆ, ಸಿಗದೆ 'ವಿಚಿತ್ರ ಚಟುವಟಿಕೆಗಳು' ಎಂದು ಒಣಒಣ ಬರೆಯುತ್ತಾರೆ. ಹುಡುಕುವ ಜಾಗವೇ ತಪ್ಪು. ಕನ್ನಡದಲ್ಲಿ ಈ ಅನುಮಾನ ಹೆಸರಿನಲ್ಲಿ ಇಲ್ಲ, 'ಓ' ಎಂಬ ಒಂದಕ್ಷರದ ಬಾಲದಲ್ಲಿದೆ. ಏನು ನಡೀತಾ ಇದೆ ಎಂದರೆ ಪ್ರಶ್ನೆ. ಏನೋ ನಡೀತಾ ಇದೆ ಎಂದರೆ ಅನುಮಾನ.

ಒಂದು ವಾಕ್ಯ ಹಿಡಿದು ಮಾಡಿಯೇ ನೋಡೋಣ. 'ದೇರ್ ಹ್ಯಾವ್ ಬೀನ್ ಸಮ್ ಸ್ಟ್ರೇಂಜ್ ಗೋಯಿಂಗ್ಸ್-ಆನ್ ಅಟ್ ದಿ ಓಲ್ಡ್ ರೈಸ್ ಮಿಲ್.'

ಮೊದಲ ಪ್ರಯತ್ನ: 'ಹಳೆಯ ಅಕ್ಕಿ ಮಿಲ್ಲಿನಲ್ಲಿ ಕೆಲವು ವಿಚಿತ್ರ ಘಟನೆಗಳು ನಡೆದಿವೆ.' ಅರ್ಥ ಬಂತು, ಆದರೆ ಪೊಲೀಸ್ ವರದಿ ಓದಿದ ಹಾಗಾಯಿತು. 'ಘಟನೆ' ಎಂದ ಕೂಡಲೇ ಇಷ್ಟು ಗಂಟೆಗೆ ಇಂಥದ್ದು ಆಯಿತು ಎಂಬ ಲೆಕ್ಕ ಬರುತ್ತದೆ. ಇಂಗ್ಲಿಷಿನಲ್ಲಿ ಆ ಲೆಕ್ಕ ಇಲ್ಲ.

ಎರಡನೆಯದು: 'ಹಳೇ ಅಕ್ಕಿ ಮಿಲ್ಲಿನಲ್ಲಿ ಇತ್ತೀಚೆಗೆ ಏನೇನೋ ನಡೀತಾ ಇದೆ.' ಇದು ಸರಿ. 'ಸ್ಟ್ರೇಂಜ್' ಎಲ್ಲಿ ಹೋಯಿತು ಎಂದು ಕೇಳಬೇಡಿ, 'ಏನೇನೋ' ಒಳಗೇ ಕೂತಿದೆ. ಬಹುವಚನವೂ ಅಲ್ಲೇ ಇದೆ.

ಕತೆಯಲ್ಲಿ ಊರಿನವನೊಬ್ಬ ಹೇಳುವ ಮಾತಾದರೆ: 'ಆ ಮಿಲ್ಲಿನಲ್ಲಿ ಎಂತದೋ ಉಂಟು ಮಾರಾಯ.' ಇದು ನಮ್ಮ ಕಡೆಯ ಮಾತು, ಬೆಂಗಳೂರಿನ ಓದುಗರಿಗೂ ಅರ್ಥವಾಗುತ್ತದೆ.

ತಮಾಷೆಯ ಕಡೆ ವಾಲಿದ್ದರೆ 'ಕಿತಾಪತಿ', ಯಜಮಾನಿಕೆಯ ಗತ್ತು ಸೇರಿದ್ದರೆ 'ಕಾರುಬಾರು'. ಬೆಳಗಾವಿ, ಸೊಲ್ಲಾಪುರದ ಕಡೆಯವರ 'ಭಾನಗಡಿ' ಈ ಕೆಲಸಕ್ಕೆ ಬಲು ಸೊಗಸು. ಆದರೆ ಮಂಜೇಶ್ವರದ ಮುದುಕನ ಬಾಯಲ್ಲಿ ಅದನ್ನು ಹಾಕಬೇಡಿ, ಯಾರೂ ನಂಬುವುದಿಲ್ಲ.

ಸುದ್ದಿ ಅನುವಾದಿಸುವವರಿಗೆ ಪ್ರತ್ಯೇಕ ಎಚ್ಚರಿಕೆ. 'ಸಸ್ಪಿಷಿಯಸ್ ಗೋಯಿಂಗ್ಸ್-ಆನ್' ಎಂಬುದನ್ನು 'ಅಕ್ರಮ ಚಟುವಟಿಕೆ' ಎಂದೋ 'ಅನೈತಿಕ ಚಟುವಟಿಕೆ' ಎಂದೋ ಬರೆಯಬೇಡಿ. ಅಕ್ರಮ ಅಂದರೆ ಕಾನೂನು ಮುರಿದಿದ್ದಾರೆ ಎಂದು ನೀವೇ ತೀರ್ಪು ಕೊಟ್ಟ ಹಾಗೆ. ಇಂಗ್ಲಿಷಿನವನು ಬರೀ ಅನುಮಾನ ಹೇಳಿದ್ದಾನೆ. 'ಅನುಮಾನ ಹುಟ್ಟಿಸುವ ಓಡಾಟ' ಅಥವಾ 'ಶಂಕಾಸ್ಪದ ಚಟುವಟಿಕೆ' ಎಂದರೆ ಸಾಕು. ಸುದ್ದಿಯಲ್ಲಿ ಬಂದ ಮನೆಯವರು ನೋಟಿಸು ಕಳಿಸಿದರೆ ಉತ್ತರ ಕೊಡಬೇಕಾದವರು ನೀವು.

ಹಂತ 5: ನೀವೇ ಬಳಸುವಾಗ

ಕ್ರಿಯಾಪದ ಯಾವಾಗಲೂ ಬಹುವಚನ. ಗೋಯಿಂಗ್ಸ್-ಆನ್ ಆರ್, ವರ್, ಹ್ಯಾವ್ ಬೀನ್. 'ಈಸ್' ಬೇಡ. ಮುಂದೆ 'ಎ' ಹಾಕಬೇಡಿ. ಸಮ್, ದೀಸ್, ಆಲ್ ದ, ಎ ಲಾಟ್ ಆಫ್ ಹಾಕಬಹುದು. ಎಣಿಸಲೂ ಬೇಡಿ. 'ತ್ರೀ ಗೋಯಿಂಗ್ಸ್-ಆನ್' ಎಂದರೆ ಕಿವಿಗೆ ಬಡಿಯುತ್ತದೆ. ಎಣಿಸಬೇಕಾದರೆ 'ಇನ್ಸಿಡೆಂಟ್' ಇದೆಯಲ್ಲ.

ದೇವಸ್ಥಾನದ ಜಾತ್ರೆ, ಶಾಲೆಯ ಕಲೋತ್ಸವ, ಮದುವೆ, ತೆಯ್ಯಂ ದೈವಗಳ ಕಳಿಯಾಟ ಇವುಗಳಿಗೆ ಈ ಪದ ಬೇಡ. ಅವು ಫಂಕ್ಷನ್, ಫೆಸ್ಟಿವಲ್, ಈವೆಂಟ್. 'ದೇರ್ ಆರ್ ಗೋಯಿಂಗ್ಸ್-ಆನ್ ಇನ್ ದ ಟೆಂಪಲ್' ಎಂದು ಬರೆದರೆ ಓದಿದವನು ಬ್ರಹ್ಮಕಲಶ ಎಂದುಕೊಳ್ಳುವುದಿಲ್ಲ, ಹುಂಡಿಯ ಲೆಕ್ಕ ಸರಿಯಿಲ್ಲವೇನೋ ಎಂದುಕೊಳ್ಳುತ್ತಾನೆ.

ಅರ್ಜಿ, ದೂರು, ಕಚೇರಿಯ ಕಾಗದ ಇವುಗಳಲ್ಲಂತೂ ಬೇಡವೇ ಬೇಡ. ಇದು ನನ್ನದೇ ಪಾಠ. ಪಾಠ ಹೇಳಲು ಶುರು ಮಾಡಿದ ಹೊಸತರಲ್ಲಿ ಒಂದು ಕಚೇರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದೆ. ಅಲ್ಲಿ ಕೆಲಸ ಹೇಗೆ ಸಾಗುತ್ತದೆ, ಯಾವ ಮೇಜಿಗೆ ಹೋಗಬೇಕು ಎಂದು ಕೇಳುವುದಿತ್ತು. ಭಾಷೆ ಸ್ವಲ್ಪ ಚುರುಕಾಗಿರಲಿ ಎಂದು 'ದ ಗೋಯಿಂಗ್ಸ್-ಆನ್ ಇನ್ ಯುವರ್ ಆಫೀಸ್' ಎಂದು ಬರೆದೆ. ಓದಿದವರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. "ಇಲ್ಲಿ ಎಂತ ಆಗಬಾರದ್ದು ಆಗ್ತಾ ಉಂಟು ಅಂತ ನಿಮ್ಮ ಲೆಕ್ಕ?" ಎಂದರು. 'ಪ್ರೊಸೀಜರ್', ಅಂದರೆ ಕೆಲಸದ ಕ್ರಮ, ಎಂದು ಬರೆದಿದ್ದರೆ ಮುಗಿದಿತ್ತು.

ಬಳಸಲು ಸರಿಯಾದ ಜಾಗ ಗೆಳೆಯರಿಗೆ ಬರೆಯುವ ಪತ್ರ, ಕತೆ, ಹಗುರ ಪ್ರಬಂಧ. ಪ್ಲಸ್ ಟು ಪರೀಕ್ಷೆಯಲ್ಲಿ ಡೈರಿ ಬರೆಯಲು ಕೇಳಿದರೆ ಅಲ್ಲಿ ಧಾರಾಳವಾಗಿ ಹಾಕಿ. ಸಂಪಾದಕರಿಗೆ ಪತ್ರ ಬರೆಯಲು ಕೇಳಿದರೆ ಬಿಟ್ಟುಬಿಡಿ.

ಹಂತ 6: ನೆಂಟರನ್ನು ಗುರುತಿಸಿ

'ಆನ್‌ಗೋಯಿಂಗ್' ಅಂದರೆ ಇನ್ನೂ ಮುಗಿಯದ, ನಡೆಯುತ್ತಲೇ ಇರುವ. ಹೆದ್ದಾರಿ ಕೆಲಸ ಆನ್‌ಗೋಯಿಂಗ್. ಎಸ್ ಒಂದು ಬಿಟ್ಟರೆ ಅಕ್ಷರಗಳು ಅವೇ, ಹಿಂದುಮುಂದಾಗಿವೆ, ಅಷ್ಟಕ್ಕೇ ಅರ್ಥ ಬೇರೆ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಗಡಿಬಿಡಿ ಮಾಡಿಸುತ್ತಾರೆ.

'ಕಮಿಂಗ್ಸ್ ಆ್ಯಂಡ್ ಗೋಯಿಂಗ್ಸ್' ಅಂದರೆ ಜನ ಬರೋದು ಹೋಗೋದು. ಅಲ್ಲಿ ನಡೆಯುವುದು ಕಾಲು, ಘಟನೆ ಅಲ್ಲ.

'ಹ್ಯಾಪನಿಂಗ್ಸ್' ಹತ್ತಿರದ ಪದವೇ, ಆದರೆ ವಾಸನೆ ಕಡಿಮೆ. 'ಪ್ರೊಸೀಡಿಂಗ್ಸ್' ಸಭೆ, ಕೋರ್ಟುಗಳ ಕಲಾಪ.

'ಕ್ಯಾರಿಯಿಂಗ್ಸ್-ಆನ್' ಇನ್ನೂ ಖಾರ. ಅದರಲ್ಲಿ ಛೀ ಎನ್ನುವ ಭಾವ ಇದೆ, ಹೆಚ್ಚಾಗಿ ಗಂಡು ಹೆಣ್ಣಿನ ಗುಟ್ಟಿನ ವಿಷಯಕ್ಕೆ. ಗಲ್ಫಿಗೆ ಹೋಗಿಬರುವವರು 'ಕ್ಯಾರಿ-ಆನ್' ಎನ್ನುವುದು ಕೈಯಲ್ಲೇ ಹಿಡಿದು ವಿಮಾನ ಹತ್ತುವ ಚೀಲಕ್ಕೆ. ಎರಡನ್ನೂ ಕಲಸಬೇಡಿ, ವಿಮಾನ ನಿಲ್ದಾಣದಲ್ಲಿ ಫಜೀತಿ.

ಕೈ ಪಳಗಿಸಲು

ಇವನ್ನು ಕನ್ನಡಕ್ಕೆ ತನ್ನಿ, ಆಮೇಲೆ ನನ್ನದನ್ನು ನೋಡಿ.

1. 'ಶೀ ನೋಸ್ ಆಲ್ ದ ಗೋಯಿಂಗ್ಸ್-ಆನ್ ಇನ್ ಅವರ್ ಸ್ಟ್ರೀಟ್.'

2. 'ದ ನೇಬರ್ಸ್ ಕಂಪ್ಲೇನ್ಡ್ ಅಬೌಟ್ ದ ಗೋಯಿಂಗ್ಸ್-ಆನ್ ಅಟ್ ನಂಬರ್ ಟೆನ್.'

3. 'ಮೈ ಕಸಿನ್ ರೈಟ್ಸ್ ಟು ಮಿ ಅಬೌಟ್ ದ ಲೇಟೆಸ್ಟ್ ಗೋಯಿಂಗ್ಸ್-ಆನ್ ಅಟ್ ಹೋಮ್.'

ಮೊದಲನೆಯದಕ್ಕೆ ನನ್ನದು: 'ನಮ್ಮ ಬೀದಿಯಲ್ಲಿ ಏನು ನಡೆದರೂ ಅವಳಿಗೆ ಗೊತ್ತು.' ಎರಡನೆಯದಕ್ಕೆ: 'ಹತ್ತನೇ ನಂಬರಿನ ಮನೆಯಲ್ಲಿ ನಡೀತಾ ಇರೋದರ ಬಗ್ಗೆ ನೆರೆಯವರು ದೂರು ಕೊಟ್ಟರು.' ದೂರು ಎಂಬ ಪದವೇ ಅನುಮಾನ ಹೊತ್ತಿದೆ, ಮತ್ತೆ ಬೇರೆ ಮಸಾಲೆ ಬೇಡ. ಮೂರನೆಯದಕ್ಕೆ: 'ಊರಿನ ಹೊಸ ವಿಶೇಷವೆಲ್ಲ ಬರೆದು ನನಗೆ ಕಳಿಸುತ್ತಿರುತ್ತಾನೆ.' ಕಸಿನ್ ಅತ್ತೆಯ ಮಗನೋ ಚಿಕ್ಕಪ್ಪನ ಮಗಳೋ ಹಿಂದಿನ ವಾಕ್ಯ ನೋಡಿ ನೀವೇ ತುಂಬಿ.

ವಿಶೇಷ ಎಂದ ಕೂಡಲೇ ಒಬ್ಬರು ಕೇಳಿಯೇ ಕೇಳುತ್ತಾರೆ. ಹಾಗಾದರೆ ದಾರಿಯಲ್ಲಿ ಸಿಕ್ಕಿದವರನ್ನು ನಾವು 'ಏನು ವಿಶೇಷ?' ಎಂದು ಕೇಳುತ್ತೇವಲ್ಲ, ಮಲಯಾಳದವರು 'ಎಂದೊಕ್ಕೆಯುಂಡ್ ವಿಶೇಷಂ?' ಎನ್ನುತ್ತಾರಲ್ಲ, ಅದನ್ನು ಇಂಗ್ಲಿಷಿಗೆ 'ವಾಟ್ ಆರ್ ದ ಗೋಯಿಂಗ್ಸ್-ಆನ್?' ಎನ್ನಬಹುದಾ? ಬೇಡ. ಯಾರೂ ಹಾಗೆ ಕೇಳುವುದಿಲ್ಲ. 'ವಾಟ್ಸ್ ನ್ಯೂ?' ಎಂದು ಕೇಳಿ, ಆರಾಮವಾಗಿ ಮಾತು ಮುಂದುವರಿಸಿ.